ಬಿರುಕು ಬಿಟ್ಟ ತತ್ತಿಗೆ ಕೈ ಹಾಕುವ ಹೊತ್ತು

ಬಾತುಕೋಳಿಯ ತತ್ತಿಯಲ್ಲಿ ಮೊದಲ ಬಿರುಕು ಕಾಣಿಸಿಕೊಂಡು ಒಂದು ಹಗಲು, ಒಂದು ರಾತ್ರಿ ಕಳೆದರೂ ಮರಿ ಹೊರಬರದಿದ್ದಾಗ ಅದಕ್ಕೆ ನೆರವಾಗಬೇಕೆ, ಸುಮ್ಮನಿರಬೇಕೆ ಎಂಬ ಪ್ರಶ್ನೆಗೆ ರೂಢಿಯಲ್ಲಿ ಎರಡು ಸಿದ್ಧ ಉತ್ತರಗಳಿವೆ. ಕಣ್ಣೆದುರಿಗೆ ಒದ್ದಾಡುತ್ತಿರುವ ಜೀವಕ್ಕೆ ಕೈ ನೀಡದಿರುವುದು ಕಟುಕತನ ಎಂಬುದು ಒಂದು. ಚಿಪ್ಪನ್ನು ತಾನಾಗಿ ಒಡೆಯಲಾರದ ಮರಿ ಮುಂದೆಯೂ ಬಾಳಲಾರದು, ಆದ್ದರಿಂದ ಅದನ್ನು ಅದರ ಪಾಡಿಗೆ ಬಿಡುವುದೇ ಸರಿ ಎಂಬುದು ಇನ್ನೊಂದು. ಮೊದಲನೆಯದು ದಯೆಯ ಹೆಸರಿನಲ್ಲಿಯೂ ಎರಡನೆಯದು ಪ್ರಕೃತಿಯ ಹೆಸರಿನಲ್ಲಿಯೂ ಮಾತನಾಡುತ್ತವೆಯಾದರೂ ಎರಡರ ಬುಡದಲ್ಲಿಯೂ ಒಂದೇ ತಪ್ಪು ತಿಳಿವಳಿಕೆಯಿದೆ: ಚಿಪ್ಪಿನೊಳಗೆ ಆಗ ನಡೆಯುತ್ತಿರುವುದು ಒದ್ದಾಟವೆಂದು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ. ವಾಸ್ತವದಲ್ಲಿ ಆ ಗಂಟೆಗಳ ಬಹುಪಾಲು ಮರಿ ಒದ್ದಾಡುವುದೇ ಇಲ್ಲ; ಅದು ಉಸಿರಾಟವನ್ನು ರೂಢಿಸಿಕೊಳ್ಳುತ್ತ, ನಡುನಡುವೆ ನಿದ್ದೆ ಹೋಗುತ್ತ, ಪೊರೆಗಳಲ್ಲಿ ಹರಡಿಕೊಂಡಿದ್ದ ತನ್ನ ರಕ್ತವನ್ನೂ ಹೊಟ್ಟೆಯ ಹೊರಗಿದ್ದ ತನ್ನ ಬುತ್ತಿಯನ್ನೂ ಒಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಈ ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಗುರುತಿಸಲು ಬಾರದವರ ದಯೆಯೂ ಮರಿಯನ್ನು ಕೊಲ್ಲಬಲ್ಲದು, ತಾಟಸ್ಥ್ಯವೂ ಕೊಲ್ಲಬಲ್ಲದು ಎಂಬುದೇ ಇಲ್ಲಿಯ ವಾದ.

ಈ ಪ್ರಶ್ನೆಯನ್ನು ಉಜ್ಜಿನಿಯ ಸುತ್ತಿನ ಸೀಮೆಯಲ್ಲಿಟ್ಟು ನೋಡುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಈ ಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾದವು. ಜೋಳ, ಶೇಂಗಾ, ಮೆಕ್ಕೆಜೋಳಗಳನ್ನು ಮಳೆ ನಂಬಿ ಬೆಳೆಯುವ ಈ ನೆಲದಲ್ಲಿ ಬಾತುಕೋಳಿ ಮನೆಹಕ್ಕಿಯಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ಉದುರುಕಾಳು ಮೇಯಿಸಲು ಬಾತುಗಳ ಹಿಂಡು ಹೊಡೆದುಕೊಂಡು ಬರುವ ಅಲೆಮಾರಿ ಸಾಕಣೆಗಾರರು ಬಿಡಾರ ಹಾಕುವುದುಂಟು. ಕೆರೆಯಂಚಿನ ಊರುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ನಾಲ್ಕಾರು ಬಾತುಗಳನ್ನು ಇಟ್ಟುಕೊಂಡಿರುವುದೂ ಉಂಟು. ಆದರೆ ಹಕ್ಕಿ ಅಪರೂಪವಾದಷ್ಟೂ ಪ್ರಶ್ನೆ ಹರಿತವಾಗುತ್ತದೆ. ಹತ್ತು ಸಾವಿರ ತತ್ತಿಗಳನ್ನು ಒಟ್ಟಿಗೆ ಕಾವಿಗಿಡುವ ಕೇಂದ್ರದಲ್ಲಿ ಹೊರಬರದೆ ಉಳಿದ ಒಂದು ತತ್ತಿ ಲೆಕ್ಕದ ಪುಸ್ತಕದ ಒಂದು ಅಂಕಿಯಾಗಿರುತ್ತದೆ, ಆರೇ ಆರು ತತ್ತಿಗಳನ್ನು ಎಲ್ಲಿಂದಲೋ ತಂದು ಮನೆಯಲ್ಲಿ ಕಾವಿಗಿಟ್ಟವರಿಗೆ ಅದು ಹಾಗಿರುವುದಿಲ್ಲ. ಇದಕ್ಕಿಂತ ಮುಖ್ಯವಾದ ಕಾರಣ ಈ ಸೀಮೆಯ ಗಾಳಿ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಒಣ ಗಾಳಿಯೇ ಬಾತುಮರಿ ತತ್ತಿಯಲ್ಲಿ ಸಿಕ್ಕಿಬೀಳುವುದಕ್ಕೆ ದೊಡ್ಡ ಕಾರಣ. ಕೇರಳದ ಹಿನ್ನೀರಿನ ದಂಡೆಯಲ್ಲಿ ಅಪರೂಪವಾಗಿ ಏಳುವ ಪ್ರಶ್ನೆ ಇಲ್ಲಿ ಪದೇ ಪದೇ ಏಳುತ್ತದೆ.

ಬಾತು ತಾನೇ ಕಾವಿಗೆ ಕೂತರೆ ಮನುಷ್ಯನಿಗೆ ಈ ಚಿಂತೆಯೇ ಇಲ್ಲ ಎಂಬುದು ನಿಜ. ಆದರೆ ಹೆಚ್ಚು ತತ್ತಿ ಇಡುವ ಸಾಕುಬಾತುಗಳು ಕಾವಿಗೆ ಕೂರುವುದನ್ನೇ ಬಹುಮಟ್ಟಿಗೆ ಮರೆತಿವೆ. ಬೆಂಗಳೂರಿನ ಹೆಸರಘಟ್ಟದಲ್ಲಿದ್ದ ಕೇಂದ್ರ ಸರ್ಕಾರದ ಬಾತುಕೋಳಿ ತಳಿ ಸಂವರ್ಧನ ಕೇಂದ್ರದ ಮೂಲಕ ಕರ್ನಾಟಕದಲ್ಲಿ ಪರಿಚಿತವಾದ ಖಾಕಿ ಕ್ಯಾಂಪ್‌ಬೆಲ್ ತಳಿ ವರ್ಷಕ್ಕೆ ಮುನ್ನೂರರ ಹತ್ತಿರ ತತ್ತಿ ಕೊಡಬಲ್ಲದು, ಆದರೆ ಅವುಗಳ ಮೇಲೆ ಕೂರುವುದು ಅಪರೂಪ. ಕಾವಿಗೆ ಕೂತ ಹಕ್ಕಿ ತತ್ತಿ ಇಡುವುದನ್ನು ನಿಲ್ಲಿಸುತ್ತದೆಯಾದ್ದರಿಂದ, ಹೆಚ್ಚು ತತ್ತಿ ಇಡುವ ಬಾತುಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿಕೊಳ್ಳುತ್ತ ಹೋದ ಮನುಷ್ಯ ಅವುಗಳ ತಾಯ್ತನವನ್ನು ತಾನೇ ತೆಗೆದುಹಾಕಿದ್ದಾನೆ. ಹಾಗಾಗಿ ಇಂಥ ತತ್ತಿಯ ಸಂದರ್ಭದಲ್ಲಿ ‘ಪ್ರಕೃತಿ ನೋಡಿಕೊಳ್ಳುತ್ತದೆ’ ಎನ್ನುವವರು ಯಾವ ಪ್ರಕೃತಿಯನ್ನು ಕುರಿತು ಹೇಳುತ್ತಿದ್ದಾರೆ ಎಂದು ಕೇಳಬೇಕಾಗುತ್ತದೆ.

ತಾಯಿಯ ಜಾಗಕ್ಕೆ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದಿರುವುದು ಕಾವಿಗೆ ಕೂತ ನಾಟಿ ಹ್ಯಾಟೆ. ತನ್ನವೇ ಆದರೆ ಹನ್ನೆರಡು ಹದಿಮೂರು ತತ್ತಿಗಳನ್ನು ಮುಚ್ಚಿಕೊಳ್ಳುವ ಹ್ಯಾಟೆ, ಗಾತ್ರದಲ್ಲಿ ದೊಡ್ಡದಾದ ಬಾತಿನ ತತ್ತಿಗಳನ್ನು ಏಳೆಂಟಕ್ಕಿಂತ ಹೆಚ್ಚು ಮುಚ್ಚಲಾರದು. ಅದರ ಮೈಗೆ ಒಗ್ಗಿದ ಅವಧಿ 21 ದಿನಗಳದಾದರೆ ಬಾತಿನ ತತ್ತಿಗೆ 28 ದಿನ ಬೇಕು, ಮಸ್ಕೋವಿ ಬಾತಿನದಾದರೆ 35 ದಿನಗಳ ಹತ್ತಿರ. ಬೂದಿ ಅಥವಾ ಉಸುಕು ಹರವಿದ ಬುಟ್ಟಿಯಲ್ಲಿ, ಸಿಡಿಲಿಗೆ ತತ್ತಿ ಕೆಡದಿರಲೆಂದು ಕಬ್ಬಿಣದ ಚೂರನ್ನೋ ಇದ್ದಿಲನ್ನೋ ಒಣಮೆಣಸಿನಕಾಯಿಯನ್ನೋ ಇಡುವ ರೂಢಿ ದಕ್ಷಿಣ ಭಾರತದ ಹಲವೆಡೆ ಇದೆ. ಕಬ್ಬಿಣದ ಚೂರು ಏನು ಮಾಡುತ್ತದೆಯೋ ತಿಳಿಯದು, ಹೀಗೆ ಹ್ಯಾಟೆ ಕೂರಿಸುವ ಹೆಂಗಸರು ಬಾತಿನ ತತ್ತಿಗಳ ಮೇಲೆ ಕಡೆಯ ವಾರ ನೀರು ಚಿಮುಕಿಸುವುದರ ಹಿಂದೆ ಮಾತ್ರ ಗಟ್ಟಿಯಾದ ತರ್ಕವಿದೆ. ತಾಯಿಬಾತು ನೀರಿಗಿಳಿದು ಒದ್ದೆ ಮೈಯಲ್ಲಿ ಗೂಡಿಗೆ ಮರಳುತ್ತದೆ, ಹ್ಯಾಟೆ ಬೂದಿಯಲ್ಲಿ ಹೊರಳಿ ಮರಳುತ್ತದೆ. ಆ ವ್ಯತ್ಯಾಸವನ್ನು ತುಂಬುವುದು ಚಿಮುಕಿಸಿದ ನೀರು.

ಈಚೆಗೆ ಹ್ಯಾಟೆಯ ಜಾಗಕ್ಕೂ ಕಾವುಪೆಟ್ಟಿಗೆ ಬಂದಿದೆ. ಥರ್ಮೋಕೋಲ್ ಡಬ್ಬಿಯೊಂದರಲ್ಲಿ ಬಲ್ಬು, ಸಣ್ಣ ಫ್ಯಾನು, ಉಷ್ಣತೆಯನ್ನು 37.5 ಡಿಗ್ರಿಯಲ್ಲಿ ಹಿಡಿದಿಡುವ ಥರ್ಮೋಸ್ಟಾಟ್ ಇಷ್ಟನ್ನು ಜೋಡಿಸಿದರೆ ಯಂತ್ರ ಸಿದ್ಧವಾಗುತ್ತದೆ. ಶಾಖವನ್ನು ಹೀಗೆ ಸುಲಭವಾಗಿ ಸಾಧಿಸಬಹುದು, ತೇವವನ್ನು ಸಾಧಿಸುವುದು ಕಷ್ಟ. ಗಾಳಿಯಲ್ಲಿರುವ ನೀರಿನ ಆವಿ ಅಷ್ಟೇ ಇದ್ದು ಗಾಳಿ ಮಾತ್ರ ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ, ಅಂದರೆ ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲಷ್ಟು ಆವಿಯಲ್ಲಿ ವಾಸ್ತವವಾಗಿ ಇರುವ ಪಾಲು, ಕುಸಿಯುತ್ತದೆ. ಕೋಣೆಯಲ್ಲಿ 30 ಡಿಗ್ರಿಯಲ್ಲಿ ಶೇ 40ರಷ್ಟು ಆರ್ದ್ರತೆಯಿದ್ದ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಕಾಯುವಷ್ಟರಲ್ಲಿ ಶೇ 26ಕ್ಕೆ ಇಳಿದಿರುತ್ತದೆ. ಬಾತಿನ ತತ್ತಿಗೆ ಮೊದಲ 25 ದಿನ ಶೇ 55ರಿಂದ 60, ಕಡೆಯ ಮೂರು ದಿನ ಶೇ 70ಕ್ಕೂ ಮೇಲೆ ಬೇಕು. ಕೊರತೆಯನ್ನು ನೀರಿನ ತಟ್ಟೆಯಿಂದ ತುಂಬಬೇಕಾಗುತ್ತದೆ; ಆಗಲೂ ಲೆಕ್ಕಕ್ಕೆ ಬರುವುದು ನೀರಿನ ಆಳವಲ್ಲ, ಅದರ ಮೇಲ್ಮೈ. ತುಂಬಿದ ಲೋಟಕ್ಕಿಂತ ಅಗಲವಾದ ತಾಟು, ಅದರಲ್ಲಿ ಅರ್ಧ ಅದ್ದಿಟ್ಟ ಹಳೆಯ ಪಂಚೆಯ ತುಂಡು ಹೆಚ್ಚು ಕೆಲಸ ಮಾಡುತ್ತವೆ.

ಚಿಪ್ಪು ಹೊರನೋಟಕ್ಕೆ ಗಟ್ಟಿ ಗೋಡೆಯಂತಿದ್ದರೂ ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ಕಾವಿನ ಉದ್ದಕ್ಕೂ ಅವುಗಳ ಮೂಲಕ ನೀರು ಆವಿಯಾಗಿ ಹೋಗುತ್ತ, ಮೊಂಡು ತುದಿಯಲ್ಲಿ ಎರಡು ಪೊರೆಗಳ ನಡುವೆ ಗಾಳಿಯ ಅರೆಯೊಂದು ಬೆಳೆಯುತ್ತ ಹೋಗುತ್ತದೆ. ಇದಕ್ಕೆ ಗಾಳಿಕೋಶ ಎನ್ನಬಹುದು. 70 ಗ್ರಾಂ ತೂಗುವ ತತ್ತಿ 25ನೇ ದಿನದ ಹೊತ್ತಿಗೆ ಎಂಟೊಂಬತ್ತು ಗ್ರಾಂ ಕಳೆದುಕೊಂಡಿದ್ದರೆ ಗಾಳಿಕೋಶದ ಅಳತೆ ಸರಿಯಾಗಿದೆ ಎಂದರ್ಥ. ಕಡಿಮೆ ಕಳೆದುಕೊಂಡಿದ್ದರೆ ಮರಿ ನೀರು ತುಂಬಿ ಊದಿಕೊಂಡು ತಿರುಗಲು ಜಾಗ ಸಾಲದೆ ಒದ್ದೆಯಲ್ಲಿ ಮುಳುಗುತ್ತದೆ, ಹೆಚ್ಚು ಕಳೆದುಕೊಂಡಿದ್ದರೆ ಪೊರೆ ಬಿಗಿದು ಮೈಗೆ ಅಂಟುತ್ತದೆ. ತೇವ ಹೆಚ್ಚಾದಷ್ಟೂ ಒಳ್ಳೆಯದು ಎಂಬುದೂ ಹೀಗೆ ಅರ್ಧಸತ್ಯವೇ.

26ನೇ ದಿನದ ಸುಮಾರಿಗೆ ಮರಿ ಚಿಪ್ಪಿನ ಒಳಗನ್ನೆಲ್ಲ ತುಂಬಿಕೊಂಡು, ತಲೆಯನ್ನು ಬಲರೆಕ್ಕೆಯ ಕೆಳಗಿಟ್ಟು, ಕೊಕ್ಕನ್ನು ಗಾಳಿಕೋಶದ ಕಡೆಗೆ ತಿರುಗಿಸಿರುತ್ತದೆ. ಅಲ್ಲಿಯವರೆಗೆ ಅದಕ್ಕೆ ಉಸಿರು ಒದಗಿಸುತ್ತಿದ್ದುದು ಶ್ವಾಸಕೋಶವಲ್ಲ. ಚಿಪ್ಪಿನ ಒಳಮೈಗೆ ಒತ್ತಿಕೊಂಡು ಹರಡಿರುವ, ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡಿರುವ ಒಂದು ಪೊರೆ. ಜೀವಶಾಸ್ತ್ರಜ್ಞರು ಕೋರಿಯೋಅಲಂಟಾಯಿಸ್ ಎಂದು ಕರೆಯುವ ಈ ಪೊರೆಯನ್ನು ತತ್ತಿಯ ಮಾಸು ಎಂದು ತಿಳಿದರೆ ಅರ್ಥಕ್ಕೆ ಹತ್ತಿರವಾಗುತ್ತದೆ. ಬೆಳೆದ ಮರಿಗೆ ಈ ಪೊರೆಯಿಂದ ಬರುವ ಆಮ್ಲಜನಕ ಸಾಲದಾಗಿ ಇಂಗಾಲದ ಡೈಆಕ್ಸೈಡ್ ಏರತೊಡಗಿದಾಗ ಕತ್ತಿನ ಹಿಂಭಾಗದ ಸ್ನಾಯುವೊಂದು ಬಿಗಿಯುತ್ತದೆ, ತಲೆ ಮೇಲಕ್ಕೆ ಚಿಮ್ಮುತ್ತದೆ, ಕೊಕ್ಕು ಒಳಪೊರೆಯನ್ನು ಹರಿದು ಗಾಳಿಕೋಶಕ್ಕೆ ಇಳಿಯುತ್ತದೆ. ಮರಿ ಮೊದಲ ಸಲ ಶ್ವಾಸಕೋಶದಿಂದ ಉಸಿರೆಳೆಯುವುದು ಇಲ್ಲಿ. ಈ ಒಳಬಿರುಕು ಹೊರಗೆ ಕಾಣದು. ಕತ್ತಲಲ್ಲಿ ತತ್ತಿಯ ಹಿಂದೆ ಬ್ಯಾಟರಿ ಹಿಡಿದರೆ ಗಾಳಿಕೋಶದಲ್ಲಿ ಕೊಕ್ಕಿನ ನೆರಳು ಅಲುಗುವುದು ಕಾಣುತ್ತದೆ, ಕಿವಿಗಿಟ್ಟರೆ ಟಕ್ ಟಕ್ ಎಂಬ ಸದ್ದೂ ಸಣ್ಣ ಚೀಂವ್ ದನಿಯೂ ಕೇಳಿಸುತ್ತವೆ. ಅರ್ಧ ದಿನದಿಂದ ಒಂದು ದಿನದೊಳಗೆ ಗಾಳಿಕೋಶದ ಗಾಳಿಯೂ ಕೆಡುತ್ತ ಬಂದಾಗ, ಕೊಕ್ಕಿನ ತುದಿಯಲ್ಲಿ ಇದೊಂದೇ ಕೆಲಸಕ್ಕೆಂದು ಮೂಡಿದ ಬಿಳಿಯ ಗಡಸು ಮುಳ್ಳು, ಅಂದರೆ ಮೊಟ್ಟೆಹಲ್ಲು, ಚಿಪ್ಪಿಗೆ ತಾಗಿ ಹೊರಬಿರುಕು ಬೀಳುತ್ತದೆ.

ನೋಡುವವರ ಗಡಿಯಾರ ಶುರುವಾಗುವುದು ಇಲ್ಲಿಂದ, ತಪ್ಪು ಶುರುವಾಗುವುದೂ ಇಲ್ಲಿಂದಲೇ. ಈ ಬಿರುಕು ಬಾಗಿಲಲ್ಲ, ಕಿಟಕಿ. ಮರಿ ಈಗ ಹೊರಗಿನ ಗಾಳಿ ಪಡೆಯುತ್ತಿರುವುದರಿಂದ ಅದಕ್ಕೆ ಯಾವ ಆತುರವೂ ಇಲ್ಲ. ಮುಂದಿನ 24ರಿಂದ 36 ಗಂಟೆ, ಕೆಲವೊಮ್ಮೆ 48 ಗಂಟೆಯವರೆಗೂ ಹೊರಗಿನಿಂದ ನೋಡಿದರೆ ಏನೂ ಆಗುತ್ತಿಲ್ಲ ಎನಿಸುವಂಥ ಸ್ತಬ್ಧತೆಯಲ್ಲಿ ಎರಡು ಕೆಲಸಗಳು ನಡೆಯುತ್ತವೆ. ಉಸಿರಾಟದ ಭಾರ ಶ್ವಾಸಕೋಶಕ್ಕೆ ದಾಟಿದಂತೆಲ್ಲ ಪೊರೆಯ ನಾಳಗಳು ಬತ್ತುತ್ತ, ಅವುಗಳ ರಕ್ತ ಹೊಕ್ಕಳಿನ ದಾರಿಯಿಂದ ಮೈಯೊಳಕ್ಕೆ ಸೇರುತ್ತದೆ. ತತ್ತಿಯ ಹಳದಿಯಲ್ಲಿ ಉಳಿದಿರುವ ಭಾಗ ಅದನ್ನು ಸುತ್ತಿರುವ ಚೀಲದ ಸಮೇತ ಅದೇ ಹೊಕ್ಕಳಿನ ಮೂಲಕ ಹೊಟ್ಟೆಯೊಳಕ್ಕೆ ಎಳೆಯಲ್ಪಟ್ಟು, ಹೊಕ್ಕಳು ಮುಚ್ಚಿಕೊಳ್ಳುತ್ತದೆ. ಹುಟ್ಟಿದ ಮರಿ ಮೊದಲ ಎರಡು ದಿನ ಮೇವಿಲ್ಲದೆ ಬದುಕುವುದು ಈ ಬುತ್ತಿಯಿಂದ. ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ದೂರದೂರಿಗೆ ಕಳಿಸುವ ಇಡೀ ವ್ಯಾಪಾರ ಇದನ್ನೇ ನೆಚ್ಚಿಕೊಂಡಿದೆ. ಇವೆರಡೂ ಮುಗಿದ ಮೇಲೆ ಮರಿ ಕಾಲಿನಿಂದ ತನ್ನನ್ನು ತಾನು ತಳ್ಳಿಕೊಳ್ಳುತ್ತ, ಮೊಂಡು ತುದಿಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತ, ಚಿಪ್ಪನ್ನು ಸುತ್ತಲೂ ಕೊರೆದು ಟೊಪ್ಪಿಗೆಯಂತೆ ಎತ್ತಿ ಹಾಕುತ್ತದೆ. ಈ ಕೊನೆಯ ಕೆಲಸ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ನಿಜವಾದ ಶ್ರಮ ಎನ್ನಬಹುದಾದದ್ದು ಇಷ್ಟೇ.

ಇದನ್ನು ತಿಳಿದ ಮೇಲೆ, ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಚಿಟ್ಟೆಯ ಕಥೆ ಎಷ್ಟು ದಾರಿ ತಪ್ಪಿಸುವಂಥದು ಎಂಬುದು ಗೊತ್ತಾಗುತ್ತದೆ. ಗೂಡನ್ನು ಕತ್ತರಿಸಿ ಚಿಟ್ಟೆಗೆ ನೆರವಾದವನ ಕೈಯಲ್ಲಿ ಅದು ಹಾರಲಾರದೆ ಉಳಿಯಿತು, ಏಕೆಂದರೆ ಹೋರಾಟವೇ ಬಲ ಕೊಡುತ್ತದೆ ಎಂಬುದು ಆ ಕಥೆಯ ಪಾಠ. ಅದನ್ನೇ ತತ್ತಿಗೂ ಅನ್ವಯಿಸಿ ಮರಿಗೆ ವ್ಯಾಯಾಮ ತಪ್ಪಿಸಬಾರದು ಎಂದು ಹೇಳುವವರಿದ್ದಾರೆ. ಬೇಗ ಚಿಪ್ಪು ಬಿಡಿಸಿದ ಮರಿ ಸಾಯುವುದು ವ್ಯಾಯಾಮದ ಕೊರತೆಯಿಂದಲ್ಲ. ಇನ್ನೂ ರಕ್ತ ಹರಿಯುತ್ತಿದ್ದ ನಾಳ ಹರಿದು ನೆತ್ತರು ಸೋರಿದ್ದರಿಂದ, ಇಲ್ಲವೇ ಹೊಕ್ಕಳು ಮುಚ್ಚುವ ಮೊದಲೇ ಹಳದಿಯ ಚೀಲ ಹೊರಗುಳಿದು ಒಡೆದದ್ದರಿಂದ ಅಥವಾ ಸೋಂಕು ತಗಲಿದ್ದರಿಂದ. ಆದ್ದರಿಂದ ಕಾಯಬೇಕೆಂಬ ನಿಯಮ ಸರಿಯಾದರೂ ಅದಕ್ಕೆ ಕೊಡುವ ಕಾರಣ ತಪ್ಪು, ಮತ್ತು ಕಾರಣ ತಪ್ಪಾದಾಗ ನಿಯಮವನ್ನು ಎಲ್ಲಿ ಬಿಡಬೇಕೆಂಬುದೂ ತಿಳಿಯದೆ ಹೋಗುತ್ತದೆ. ಹೋರಾಟದಿಂದ ಬಲ ಬರುತ್ತದೆಂದು ನಂಬಿದವರು ರಕ್ತವೆಲ್ಲ ಒಳಸೇರಿ, ಹಳದಿಯೆಲ್ಲ ಒಳಸೇರಿ, ಒಣಗಿದ ಪೊರೆಯೊಂದರಿಂದಲೇ ಕಟ್ಟಿಹಾಕಿದಂತಾದ ಮರಿಯನ್ನೂ ಹೋರಾಡಲೆಂದು ಬಿಡುತ್ತಾರೆ. ಆ ಹೋರಾಟದಿಂದ ಮರಿಗೆ ದಕ್ಕುವುದು ಏನೂ ಇಲ್ಲ.

ಚಿಪ್ಪಿನೊಳಗಿನ ಸ್ತಬ್ಧತೆ ಖಾಲಿ ಹೊತ್ತಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷ್ಯವೂ ಇದೆ. ಅಮೆರಿಕದ ಮನೋವಿಜ್ಞಾನಿ ಗಿಲ್ಬರ್ಟ್ ಗಾಟ್ಲಿಬ್ ಪೀಕಿಂಗ್ ಬಾತುಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿದಂತೆ, ಮರಿ ಹುಟ್ಟುವ ಮೊದಲೇ ಕೂಗುತ್ತದೆ, ಮತ್ತು ತನ್ನ ಹಾಗೂ ಅಕ್ಕಪಕ್ಕದ ತತ್ತಿಗಳ ದನಿಯನ್ನು ಆ ಹಂತದಲ್ಲಿ ಕೇಳಿಸಿಕೊಳ್ಳದ ಮರಿ ಆಮೇಲೆ ತನ್ನ ಜಾತಿಯ ತಾಯಿಯ ಕರೆಯನ್ನು ಬೇರೆ ಹಕ್ಕಿಯ ಕರೆಯಿಂದ ಖಚಿತವಾಗಿ ಬೇರ್ಪಡಿಸಿಕೊಳ್ಳಲಾರದು. ಬ್ರಿಟನ್ನಿನ ಮಾರ್ಗರೆಟ್ ವಿನ್ಸ್ ಲಾವಕ್ಕಿಗಳಲ್ಲಿ ಕಂಡಂತೆ, ಒಂದಕ್ಕೊಂದು ತಾಗಿಕೊಂಡಿರುವ ತತ್ತಿಗಳ ಮರಿಗಳು ಟಕಟಕ ಸದ್ದಿನ ಮೂಲಕ ಹೊರಬರುವ ಸಮಯವನ್ನೂ ಹೊಂದಿಸಿಕೊಳ್ಳುತ್ತವೆ. ಚಿಂತೆಗೊಳಗಾಗಿ ಒಂದು ತತ್ತಿಯನ್ನು ಬೇರೆ ಪೆಟ್ಟಿಗೆಗೆ ಎತ್ತಿಡುವವರು ಈ ಮಾತುಕತೆಯಿಂದಲೂ ಅದನ್ನು ದೂರ ಮಾಡುತ್ತಾರೆ.

ಕೈ ಹಾಕಲೇಬಾರದು ಎನ್ನುವವರ ವಾದವನ್ನು ಅದರ ಗಟ್ಟಿಯಾದ ರೂಪದಲ್ಲಿ ಎದುರಿಸಬೇಕು. ತಳಿ ಉಳಿಸುವವರ ದೃಷ್ಟಿಯಲ್ಲಿ ಚಿಪ್ಪಿನಿಂದ ಹೊರಬರುವ ಶಕ್ತಿಯೂ ಹಾಲು, ತತ್ತಿಗಳಂತೆ ಆರಿಸಿಕೊಳ್ಳಬೇಕಾದ ಒಂದು ಗುಣ. ಪ್ರತಿ ತಲೆಮಾರಿನಲ್ಲೂ ಬಿಡಿಸಿ ತೆಗೆದ ಮರಿಗಳಿಂದಲೇ ಮುಂದಿನ ತಲೆಮಾರನ್ನು ಪಡೆದರೆ, ಕಾವಿಗೆ ಕೂರುವುದನ್ನು ಕಳೆದುಕೊಂಡ ಹಕ್ಕಿ ಮುಂದೊಂದು ದಿನ ಚಿಪ್ಪೊಡೆಯುವುದನ್ನೂ ಕಳೆದುಕೊಂಡೀತು. ಈ ಮಾತಿಗೆ ತೂಕವಿದೆ. ಆದರೆ ಅದರಿಂದ ಹೊರಡುವ ನಿರ್ಣಯ ನೆರವಾದ ಮರಿಯನ್ನು ತಳಿಗೆ ಬಳಸಬಾರದು ಎಂಬುದೇ ಹೊರತು ಅದು ಸಾಯಲಿ ಎಂಬುದಲ್ಲ. ಕಾಲಿಗೊಂದು ಬಣ್ಣದ ದಾರ ಕಟ್ಟಿ ಗುರುತಿಟ್ಟರೆ ಸಾಕು. ಎರಡನೆಯದಾಗಿ, ಸಿಕ್ಕಿಬಿದ್ದ ಮರಿಗಳಲ್ಲಿ ಎಲ್ಲವೂ ದುರ್ಬಲವಾಗಿರುವುದಿಲ್ಲ. ಕೆಲವು ಚೂಪು ತುದಿಯ ಕಡೆಗೆ ತಲೆಯಿಟ್ಟೋ, ಎಡರೆಕ್ಕೆಯ ಕೆಳಗೆ ತಲೆ ಸಿಕ್ಕಿಸಿಕೊಂಡೋ ತಪ್ಪು ಭಂಗಿಯಲ್ಲಿರುತ್ತವೆ, ಇದಕ್ಕೆ ತತ್ತಿಯನ್ನು ಮಗುಚಿಡದಿದ್ದುದು ಅಥವಾ ಚೂಪು ತುದಿ ಮೇಲೆ ಮಾಡಿ ಇಟ್ಟಿದ್ದುದು ಕಾರಣವಾಗಿರಬಹುದು. ಇನ್ನು ಕೆಲವು ಕರೆಂಟು ಹೋಗಿ ತಣ್ಣಗಾದ ರಾತ್ರಿಯಿಂದ ಹಿಂದುಳಿದಿರುತ್ತವೆ. ಒಣ ಗಾಳಿಯ ಸೀಮೆಯಲ್ಲಿ ಬಹುಪಾಲು ಮರಿಗಳು ಪೊರೆ ಒಣಗಿ ಸಿಕ್ಕಿಕೊಂಡಿರುತ್ತವೆ, ಅದಕ್ಕೆ ಕಾರಣ ಪೆಟ್ಟಿಗೆ. ಯಂತ್ರದ ದೋಷಕ್ಕೆ ಮರಿಯನ್ನು ಅನರ್ಹವೆಂದು ಘೋಷಿಸುವುದು ನ್ಯಾಯವೂ ಅಲ್ಲ, ವಿಜ್ಞಾನವೂ ಅಲ್ಲ. ತಾಯಿಯ ಜಾಗದಲ್ಲಿ ಕೂತವರು ತಾಯಿಯ ಹೊಣೆಯಲ್ಲಿ ಒಂದು ಪಾಲನ್ನಾದರೂ ಹೊರಬೇಕು.

ಆ ಹೊಣೆಯ ಮೊದಲ ಭಾಗ, ವಿಪರ್ಯಾಸವೆಂಬಂತೆ, ಪೆಟ್ಟಿಗೆಯ ಮುಚ್ಚಳ ತೆಗೆಯದಿರುವುದು. ಪ್ರತಿ ಸಲ ಇಣುಕಿದಾಗಲೂ ಒಳಗಿನ ತೇವದ ಗಾಳಿ ಹೊರಗೆ ಹೋಗಿ ಕೋಣೆಯ ಒಣ ಗಾಳಿ ಒಳಬರುತ್ತದೆ. ಬಿರುಕಿನ ಬಾಯಲ್ಲಿರುವ ಪೊರೆ ಮೊದಲು ಒಣಗುತ್ತದೆ. ಹೊರಬಂದೀತೇ ಎಂಬ ಕಾತರದಿಂದ ಗಂಟೆಗೊಮ್ಮೆ ಮುಚ್ಚಳ ಎತ್ತಿದವರೇ ಮರುದಿನ ಹೊರಬರಲಾರದ ಮರಿಯನ್ನು ಕಂಡು ಮರುಗುವುದುಂಟು, ಆ ಮರುಕಕ್ಕೆ ಕಾರಣವಾದ ತೊಂದರೆ ಅವರ ಕಾತರದಿಂದಲೇ ಹುಟ್ಟಿದ್ದು. ಪೆಟ್ಟಿಗೆಗೆ ಗಾಜಿನ ಕಿಂಡಿಯೊಂದನ್ನು ಕೂರಿಸುವುದು ಯಾವ ಕೈಚಳಕಕ್ಕಿಂತಲೂ ಹೆಚ್ಚು ಮರಿಗಳನ್ನು ಉಳಿಸುತ್ತದೆ.

ಕೈ ಹಾಕಬೇಕಾದ ಸಂದರ್ಭಗಳನ್ನು ಗುರುತಿಸಲು ಗಡಿಯಾರ ಬೇಕು, ಆದರೆ ಗಡಿಯಾರ ಸಾಲದು. ಒಳಬಿರುಕು ಬಿದ್ದು ಪೂರ್ತಿ ಒಂದು ದಿನ ಕಳೆದರೂ ಹೊರಬಿರುಕು ಬೀಳದಿದ್ದರೆ, ಗಾಳಿಕೋಶದ ನೆತ್ತಿಯಲ್ಲಿ, ಅಂದರೆ ರಕ್ತನಾಳಗಳಿಲ್ಲದ ಮೊಂಡು ತುದಿಯಲ್ಲಿ, ಕುದಿಸಿ ಆರಿಸಿದ ಸೂಜಿಯ ಮೊನೆಯನ್ನು ನಿಧಾನವಾಗಿ ತಿರುವಿ ಗುಂಡುಪಿನ್ನಿನಷ್ಟು ತೂತು ಮಾಡಬಹುದು. ಇದು ಮರಿಯನ್ನು ಹೊರತೆಗೆಯುವ ಪ್ರಯತ್ನವಲ್ಲ, ಉಸಿರು ಒದಗಿಸುವ ಏರ್ಪಾಡು ಮಾತ್ರ. ಹೊರಬಿರುಕು ಬಿದ್ದ ಮೇಲಾದರೆ 24 ಗಂಟೆಯವರೆಗೆ ಯಾರೂ ಏನೂ ಮಾಡಬೇಕಾಗಿಲ್ಲ. ಆ ಮೇಲೆ ನೋಡಬೇಕಾದದ್ದು ಬಿರುಕಿನ ಅಂಚಿನ ಪೊರೆಯ ಬಣ್ಣವನ್ನು. ಪೊರೆ ಬೆಳ್ಳಗೆ, ಹಸಿಯಾಗಿ, ಮರಿಯ ಉಸಿರಿನೊಂದಿಗೆ ಅಲುಗುತ್ತಿದ್ದರೆ ಪೆಟ್ಟಿಗೆಯನ್ನು ಮುಚ್ಚಿ ಕಾಯಬೇಕು. ಅದು ಕಂದುಬಣ್ಣಕ್ಕೆ ತಿರುಗಿ, ಒಣಗಿದ ಈರುಳ್ಳಿ ಸಿಪ್ಪೆಯಂತೆ ಸೆಟೆದು, ಕೊಕ್ಕಿಗೋ ತುಪ್ಪಳಕ್ಕೋ ಅಂಟಿಕೊಂಡಿದ್ದರೆ, ಅಥವಾ ಮರಿ ಒಂದೇ ಜಾಗದಲ್ಲಿ ಕುಕ್ಕುತ್ತ ಸುತ್ತ ತಿರುಗಲಾರದೆ ದನಿ ಕ್ಷೀಣಿಸುತ್ತಿದ್ದರೆ, ಆಗ ಕಾಯುವುದು ತಾಳ್ಮೆಯಲ್ಲ.

ಆಗಲೂ ಮೊದಲ ನೆರವು ನೀರಿನದು. ಕುದಿಸಿ ಮೈಬಿಸಿಗೆ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯನ್ನು ಒಣಪೊರೆಯ ಮೇಲೆ, ಮೂಗಿನ ಹೊಳ್ಳೆಗೆ ತಾಗದಂತೆ ಒತ್ತಿದಾಗ ಪೊರೆ ಮೆತ್ತಗಾಗುವುದರ ಜೊತೆಗೆ ಗಾಜಿನಂತೆ ತಿಳಿಯಾಗುತ್ತದೆ, ಒಳಗಿನದು ಕಾಣತೊಡಗುತ್ತದೆ. ನಿರ್ಧಾರ ಆಗಬೇಕಾದದ್ದು ಈ ತಿಳಿಪೊರೆಯಲ್ಲಿ. ಅದರಲ್ಲಿ ಹುಣಿಸೆ ಎಲೆಯ ನರಗಳಂತೆ ಕೆಂಪು ಗೆರೆಗಳು ಕಂಡರೆ ಪೊರೆ ಇನ್ನೂ ಜೀವಂತವಾಗಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಿ ತತ್ತಿಯನ್ನು ಪೆಟ್ಟಿಗೆಗೆ ಮರಳಿಸಿ ನಾಲ್ಕಾರು ಗಂಟೆ ಬಿಡಬೇಕು. ಮರಿ ಆಗಾಗ ಬಾಯಿ ತೆರೆದು ಮುಚ್ಚಿ ಏನನ್ನೋ ಮೆಲ್ಲುವಂತೆ ಮಾಡುತ್ತಿದ್ದರೆ ಹಳದಿ ಇನ್ನೂ ಒಳಸೇರುತ್ತಿದೆ ಎಂದು ಅನುಭವಿ ಸಾಕಣೆಗಾರರು ಹೇಳುತ್ತಾರೆ. ಆಗಲೂ ಕಾಯುವುದೇ ಸರಿ. ಗೆರೆಗಳು ಬತ್ತಿ ಬಣ್ಣ ಕಳೆದುಕೊಂಡಿದ್ದರೆ ಮಾತ್ರ, ಬಿರುಕಿನಿಂದ ಶುರುಮಾಡಿ ಗಾಳಿಕೋಶದ ಅಂಚಿನುದ್ದಕ್ಕೂ ಚಿಪ್ಪನ್ನು ಅಕ್ಕಿಕಾಳಿನಷ್ಟು ಚೂರುಚೂರಾಗಿ ತೆಗೆಯುತ್ತ, ಪೊರೆಯನ್ನು ಒದ್ದೆ ಮಾಡಿ ಕೊಕ್ಕಿನಿಂದ ಹಿಂದಕ್ಕೆ ಸರಿಸಬಹುದು. ಒಂದು ಹನಿ ನೆತ್ತರು ಕಂಡರೂ ಕೈ ಹಿಂತೆಗೆಯಬೇಕು. ತಲೆ ಬಿಡುಗಡೆಯಾದ ಮೇಲೆ ಕೆಳಗಿನ ಅರ್ಧ ಚಿಪ್ಪನ್ನು ಮುಟ್ಟಬಾರದು. ಹೊಕ್ಕಳು ಇರುವುದು ಅಲ್ಲಿ, ಅದು ಮುಚ್ಚಿದೆಯೇ ಎಂಬುದು ಮರಿಗೆ ಮಾತ್ರ ಗೊತ್ತು, ಮುಚ್ಚಿದ್ದರೆ ಅದು ತಾನೇ ಒದ್ದು ಹೊರಬರುತ್ತದೆ. ಕೋಳಿ ತುಳಿದರೆ ಮರಿ ಸಾಯದು ಎಂಬ ಮಾತು ಹಳ್ಳಿಗಳಲ್ಲಿದೆ, ಮನುಷ್ಯನ ಬೆರಳಿನ ಬಗ್ಗೆ ಅಂಥ ಮಾತು ಇಲ್ಲದಿರುವುದು ಆಕಸ್ಮಿಕವಲ್ಲ.

ಇಷ್ಟೆಲ್ಲ ಎಚ್ಚರದ ನಂತರವೂ ನೆರವು ಪಡೆದ ಮರಿಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಕಾಲು ಚಾಚಿಕೊಂಡು ನಿಲ್ಲಲಾರದೆ ಉಳಿಯುತ್ತವೆ. ಇದನ್ನು ನೆರವಿನ ಸೋಲೆಂದು ತಿಳಿಯಬೇಕಾಗಿಲ್ಲ. ಕೆಲವು ಮರಿಗಳು ಹೊರಬರಲಾರದ್ದಕ್ಕೆ ಕಾರಣ ಒಳಗಿನ ಕೊರತೆಯೇ ಆಗಿರುತ್ತದೆ, ಅದನ್ನು ಚಿಪ್ಪು ಬಿಡಿಸುವ ಕೈ ಸರಿಪಡಿಸಲಾರದು.

ಇದೇ ಸೀಮೆಯಲ್ಲಿ ಈ ಹೊಣೆ ಅನ್ವಯಿಸದ ತತ್ತಿಗಳೂ ಇವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸಾರ್ ತಾಣವಾಗಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿ ಮಾನ್ಯತೆ ಪಡೆಯಿತು; ಅಲ್ಲಿಯ ಜಾಲಿ ಮರಗಳಲ್ಲಿ ನೀರಹಕ್ಕಿಗಳು ಗುಂಪಾಗಿ ಗೂಡು ಕಟ್ಟುತ್ತವೆ. ಆ ಗೂಡಿನಲ್ಲಿ ಬಿರುಕು ಬಿಟ್ಟು ನಿಂತ ತತ್ತಿಗೆ ಕೈ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಕಾಡುಹಕ್ಕಿಯ ತತ್ತಿಗೂ ಗೂಡಿಗೂ ತೊಂದರೆ ಕೊಡುವುದನ್ನು ಆ ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕಾನೂನು ಇಲ್ಲದಿದ್ದರೂ ಉತ್ತರ ಅದೇ ಆಗುತ್ತಿತ್ತು: ಅಲ್ಲಿ ತಾಯಿ ಇದೆ, ಅದರ ಜಾಗವನ್ನು ಯಾರೂ ಕಿತ್ತುಕೊಂಡಿಲ್ಲ. ಇದಕ್ಕೆ ಎದುರಾದ ತುದಿಯಲ್ಲಿರುವುದು ಎರೆಭೂತ ಎಂದು ಕನ್ನಡದಲ್ಲಿ ಕರೆಯುವ ದೊಡ್ಡ ನೆಲಹಕ್ಕಿ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆನೆಲದಲ್ಲಿ ಕೈಬೆರಳೆಣಿಕೆಯಷ್ಟು ಉಳಿದಿರುವ, ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ತತ್ತಿ ಇಡುವ ಈ ಹಕ್ಕಿಯ ತತ್ತಿಗಳನ್ನು ರಾಜಸ್ಥಾನದ ಮರುಭೂಮಿಯಲ್ಲಿ 2019ರಿಂದ ಎತ್ತಿ ತಂದು ಜೈಸಲ್ಮೇರ್ ಬಳಿಯ ಕೇಂದ್ರದಲ್ಲಿ ಯಂತ್ರದ ಕಾವಿಗಿಟ್ಟು ಮರಿ ಮಾಡಿಸಲಾಗುತ್ತಿದೆ. ಅಲ್ಲಿ ಒಂದು ಮರಿಯ ಸಾವು ಇಡೀ ಜಾತಿಯ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ದುರ್ಬಲವಾದದ್ದು ಹೋಗಲಿ ಎಂಬ ವಾದವನ್ನು ಯಾರೂ ಎತ್ತುವಂತಿಲ್ಲ. ಅಂಕಸಮುದ್ರದ ಗೂಡಿಗೂ ಜೈಸಲ್ಮೇರಿನ ಯಂತ್ರಕ್ಕೂ ನಡುವೆ, ಯಂತ್ರದ ಕಡೆಗೇ ಹೆಚ್ಚು ವಾಲಿಕೊಂಡು, ಮನೆಯ ಥರ್ಮೋಕೋಲ್ ಪೆಟ್ಟಿಗೆ ಇದೆ.

ಮನೆಯಲ್ಲಿ ಬಾತಿನ ತತ್ತಿ ಕಾವಿಗಿಡುವವರು ಮೊದಲ ಬಿರುಕು ಕಂಡ ಗಂಟೆಯನ್ನು ಚಿಪ್ಪಿನ ಮೇಲೆಯೇ ಪೆನ್ಸಿಲಿನಿಂದ ಬರೆದಿಡುವುದು ಒಳ್ಳೆಯದು, ಕಾತರಕ್ಕೆ ಆರು ಗಂಟೆಯೂ ಒಂದು ದಿನದಂತೆ ಕಾಣುತ್ತದೆ. ಅದಕ್ಕೂ ಮೊದಲು, ಕಾವಿಗಿಡುವ ದಿನವನ್ನು ಆರಿಸಿಕೊಳ್ಳಬೇಕು. ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ಎಣ್ಣೆಯೆರೆಯುವ ಬೇಸಿಗೆಯ ದಿನಗಳಲ್ಲಿ ಹೊರಬರಬೇಕಾದ ಮರಿಗೆ ಈ ಸೀಮೆಯ ಗಾಳಿ ಎದುರಾಳಿ. ಜೂನ್ 8ರ ಸುಮಾರಿಗೆ ಮೃಗಶಿರ ಮಳೆ ಹೂಡಿದಾಗ ಕಾವಿಗಿಟ್ಟ ತತ್ತಿ 28 ದಿನಕ್ಕೆ, ಪುನರ್ವಸು ಮಳೆ ಕಾಲಿಡುವ ಹೊತ್ತಿಗೆ ಒಡೆಯುತ್ತದೆ. ಆಗ ಗಾಳಿಯಲ್ಲಿ ತೇವವಿರುತ್ತದೆ.